ಹಿತ್ತಿಲಿನಿಂದ ಬಂದ ಅನ್ನ: ಮಲಯ ನಾಡಿನ ನಾಸಿ ಉಲಾಮ್



ಆಹಾರ ಮತ್ತು ಸಸ್ಯಜ್ಞಾನದ ಬಗ್ಗೆ ವರ್ಷಕ್ಕೊಂದು ಮಾತು ನಡೆಯಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ನಾನು ಇಂದು ಒಂದೇ ಒಂದು ಊಟವನ್ನು ಎತ್ತಿಕೊಂಡಿದ್ದೇನೆ. ಅದು ಮಲಯ ಜನರ ಸೊಪ್ಪಿನ ಅನ್ನ, ನಾಸಿ ಉಲಾಮ್. ನಾಸಿ ಎಂದರೆ ಅನ್ನ. ಉಲಾಮ್ ಎಂದರೆ ಊಟದ ಜೊತೆ ಹಸಿಯಾಗಿ, ಇಲ್ಲವೇ ತುಸು ಬಾಡಿಸಿ ತಿನ್ನುವ ಎಲೆ, ಚಿಗುರು, ಮೊಗ್ಗು, ಕಾಯಿ. ತಣ್ಣಗಾದ ಉದುರುದುರಾದ ಅನ್ನಕ್ಕೆ ಹಲವು ಬಗೆಯ ಎಲೆಗಳನ್ನು ದಾರದಷ್ಟು ಸಣ್ಣಗೆ ಹೆಚ್ಚಿ ಬೆರೆಸುತ್ತಾರೆ. ಕೆಂಡದಲ್ಲಿ ಸುಟ್ಟು ಮುಳ್ಳು ಬಿಡಿಸಿದ ಮೀನು, ಹುರಿದು ಕುಟ್ಟಿದ ತೆಂಗಿನತುರಿ, ಹಸಿ ಸಣ್ಣ ಈರುಳ್ಳಿ, ಒಣಸಿಗಡಿಯ ಪುಡಿ, ಕಾಳುಮೆಣಸು ಅದಕ್ಕೆ ಸೇರುತ್ತವೆ. ಪಕ್ಕದಲ್ಲಿ ಸಂಬಾಲ್ ಬೆಲಾಚಾನ್ ಇರಲೇಬೇಕು. ಹುದುಗಿಸಿದ ಸಿಗಡಿಯ ಗಟ್ಟಿಯನ್ನು ಸುಟ್ಟು, ಕೆಂಪು ಮೆಣಸಿನಕಾಯಿಯೊಂದಿಗೆ ಒರಳಲ್ಲಿ ಜಜ್ಜಿ, ನಿಂಬೆರಸ ಹಿಂಡಿದ ಚಟ್ನಿ ಅದು.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಈ ಊಟ ಉಳಿಯಬೇಕಾದರೆ ಅದರ ಎಲೆಗಳು ಬೆಳೆಯುವ ಜಾಗ ಉಳಿಯಬೇಕು, ಆ ಎಲೆಗಳನ್ನು ಗುರುತಿಸಬಲ್ಲ ಕಣ್ಣು ಉಳಿಯಬೇಕು. ಹೋಟೆಲಿನ ತಿಂಡಿಪಟ್ಟಿಯಲ್ಲಿ ಹೆಸರಿದ್ದರೆ ಸಾಲದು.

ಎಲೆಗಳಿಂದಲೇ ಶುರುಮಾಡೋಣ. ನಾಸಿ ಉಲಾಮಿಗೆ ಇಂತಿಷ್ಟೇ ಎಲೆ ಎಂಬ ಲೆಕ್ಕವಿಲ್ಲ. ಮನೆಮನೆಗೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ. ಆದರೂ ಕೆಲವು ಎಲೆಗಳು ಎಲ್ಲ ಕಡೆ ಕಾಣುತ್ತವೆ. ಕಾದುಕ್ ಎಂಬುದು ವೀಳ್ಯದೆಲೆಯ ಹತ್ತಿರದ ಬಂಧು. ನೋಡಲು ಹಾಗೆಯೇ ಹೃದಯಾಕಾರ, ಆದರೆ ಖಾರ ಕಡಿಮೆ, ಎಲೆ ಮೆದು. ನೆರಳಿನ ತೇವದಲ್ಲಿ ನೆಲದ ಮೇಲೆ ಹಬ್ಬುತ್ತದೆ. ಕೆಸುಮ್ ಎಂಬುದು ನೀರಿನ ಅಂಚಿನಲ್ಲಿ ಬೆಳೆಯುವ ಉದ್ದೆಲೆಯ ಗಿಡ. ಕೊತ್ತಂಬರಿಗೆ ನಿಂಬೆಯ ಪರಿಮಳ ಕೂಡಿಸಿದ ಹಾಗೆ ಅದರ ವಾಸನೆ. ಸಿಪ್ಪೆಯೆಲ್ಲ ಗಂಟುಗಂಟಾದ ಒಂದು ಜಾತಿಯ ನಿಂಬೆಯ ಜೋಡಿ ಎಲೆ, ಮಜ್ಜಿಗೆಹುಲ್ಲಿನ ಬುಡದ ಬಿಳಿ ಭಾಗ, ಕಚ್ಚೂರದ ಜಾತಿಯ ಗೆಡ್ಡೆಗಿಡದ ಎಳೆ ಎಲೆ, ಇವೂ ಬೇಕು. ಇವೆಲ್ಲಕ್ಕೂ ಮೇಲೆ ಬುಂಗಾ ಕಾಂತಾನ್. ಶುಂಠಿಯ ಕುಲದ ಎತ್ತರದ ಗಿಡವೊಂದರ ಗುಲಾಬಿ ಬಣ್ಣದ ಮೊಗ್ಗು ಅದು. ಅರಳುವ ಮೊದಲೇ ಕೊಯ್ದು ಎಸಳೆಸಳಾಗಿ ಹೆಚ್ಚುತ್ತಾರೆ. ಹುಳಿಯೂ ಅಲ್ಲದ, ಸಿಹಿಯೂ ಅಲ್ಲದ ಅದರ ಕಂಪು ಇಲ್ಲದೆ ಪಿನಾಂಗ್ ಕಡೆಯವರಿಗೆ ಈ ಅನ್ನ ಪೂರ್ತಿಯಾಗುವುದಿಲ್ಲ.

ಈ ಪಟ್ಟಿಯಲ್ಲಿ ನಮಗೆ ಪರಿಚಯದ ಮುಖಗಳೂ ಇವೆ. ಮಲಯರ ಪೆಗಾಗಾ ನಮ್ಮ ಒಂದೆಲಗವೇ. ಕರಾವಳಿಯವರ ತಿಮರೆ, ತಂಬುಳಿಯ ಸೊಪ್ಪು. ಅವರು ಅರಿಶಿನದ ಎಲೆಯನ್ನು ಸಣ್ಣಗೆ ಹೆಚ್ಚಿ ಅನ್ನಕ್ಕೆ ಹಾಕುತ್ತಾರೆ. ನಾವು ನಾಗರಪಂಚಮಿಗೆ ಅದೇ ಎಲೆಯಲ್ಲಿ ಕಡುಬು ಮಡಚಿ ಹಬೆಯಲ್ಲಿ ಬೇಯಿಸಿ, ಪರಿಮಳವನ್ನು ಉಳಿಸಿಕೊಂಡು ಎಲೆಯನ್ನು ಬಿಸಾಡುತ್ತೇವೆ. ನೋನಿ ಹಣ್ಣಿನ ರಸವನ್ನು ಬಾಟಲಿಯಲ್ಲಿ ಮಾರುವುದನ್ನು ನೀವು ನೋಡಿರುತ್ತೀರಿ. ಅವರು ಅದರ ಎಲೆಯನ್ನು ತಿನ್ನುತ್ತಾರೆ. ಅಲ್ಲಿ ಅನ್ನಕ್ಕೆ ಬೀಳುವ ಕೆಂಬುಂಗ್ ಮೀನು ನಮ್ಮ ಬಂಗುಡೆಯ ಜಾತಿಯದೇ. ಪೆತಾಯ್ ಎಂಬ ಘಾಟು ವಾಸನೆಯ ಕಾಳನ್ನು ಉಲಾಮಿನ ಜೊತೆ ಜಗಿಯುತ್ತಾರೆ. ಆ ಮರದ ದಾಯಾದಿಯೊಂದು ಬೆಂಗಳೂರಿನ ರಸ್ತೆಬದಿಯಲ್ಲೂ ಇದೆ. ಗುಂಡನೆಯ ಚೆಂಡಿನಂಥ ಹೂಗೊಂಚಲು ಜೋತುಬೀಳುವ, ಮಕ್ಕಳು ಬ್ಯಾಡ್ಮಿಂಟನ್ ಬಾಲ್ ಮರ ಎನ್ನುವ ಮರ ಅದು.

ಇನ್ನು ಮಾಡುವ ಬಗೆ. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಈ ಊಟವನ್ನು "ಸೊಪ್ಪು ಕಲಸಿದ ಅನ್ನ" ಎಂದುಬಿಡುವವರು ನೋಡದೆ ಬಿಡುವುದು ಈ ಭಾಗವನ್ನೇ. ಎಲ್ಲ ಕೆಲಸ ಚಾಕುವಿನಲ್ಲಿದೆ. ಎಲೆಗಳನ್ನು ತೊಳೆದು, ನೀರು ಪೂರ್ತಿ ಆರಿಸಿ, ಒಂದರ ಮೇಲೊಂದು ಜೋಡಿಸಿ ಬಿಗಿಯಾಗಿ ಸುರುಳಿ ಸುತ್ತಿ, ಹರಿತವಾದ ಚಾಕುವಿನಿಂದ ಒಂದೇ ಬೀಸಿನಲ್ಲಿ ಕೊಯ್ಯಬೇಕು. ಚಾಕು ಮೊಂಡಾಗಿದ್ದರೆ ಎಲೆ ಕೊಯ್ದುಕೊಳ್ಳುವುದಿಲ್ಲ, ಜಜ್ಜಿಹೋಗುತ್ತದೆ. ಜಜ್ಜಿದ ಜಾಗದಲ್ಲಿ ಜೀವಕೋಶ ಒಡೆದು, ಒಳಗಿನ ಕಿಣ್ವಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಎಲೆಯನ್ನು ಕಪ್ಪಾಗಿಸುತ್ತವೆ; ಕಹಿ ಮುಂದಕ್ಕೆ ಬರುತ್ತದೆ. ನಿಂಬೆಯೆಲೆ ಗಟ್ಟಿ, ಅದರ ನಡುನರವನ್ನು ಕಿತ್ತು ತೆಗೆದು ಕೂದಲಿನಷ್ಟು ತೆಳ್ಳಗೆ ಹೆಚ್ಚಬೇಕು, ಇಲ್ಲದಿದ್ದರೆ ಬಾಯಲ್ಲಿ ಚುಚ್ಚುತ್ತದೆ. ಕಾದುಕ್ ಮೆದು, ಅದು ತುಸು ಅಗಲವಾದರೂ ನಡೆಯುತ್ತದೆ. ಅರಿಶಿನದ ಎಲೆ ತೀಕ್ಷ್ಣ, ಹೆಚ್ಚಾದರೆ ಬೇರೆಲ್ಲವನ್ನೂ ನುಂಗುತ್ತದೆ. ಯಾವ ಎಲೆ ಎಷ್ಟು ಎಂಬುದು ಹೀಗೆ ಎಲೆಯ ಗುಣದಿಂದ ಹುಟ್ಟುವ ಅಳತೆ. ತೂಕದ ಕಲ್ಲು ಅದನ್ನು ಹೇಳಲಾರದು, ಏಕೆಂದರೆ ಮಳೆಗಾಲದ ಎಲೆಯ ತೀಕ್ಷ್ಣತೆಯೂ ಬೇಸಗೆಯ ಎಲೆಯ ತೀಕ್ಷ್ಣತೆಯೂ ಒಂದೇ ಅಲ್ಲ.

ತೆಂಗಿನಕಾಯಿಯ ಕೆಲಸ ಇನ್ನೊಂದು. ತುರಿಯನ್ನು ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ, ಕೈ ಬಿಡದೆ ತಿರುವುತ್ತಾ, ಕಂದು ಬಣ್ಣ ಬರುವವರೆಗೆ ಹುರಿಯುತ್ತಾರೆ. ಬಿಸಿ ಆರುವ ಮೊದಲೇ ಕಲ್ಲಿನ ಒರಳಿಗೆ ಹಾಕಿ, ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುವವರೆಗೆ ಕುಟ್ಟುತ್ತಾರೆ. ಇದಕ್ಕೆ ಕೆರಿಸಿಕ್ ಎಂದು ಹೆಸರು. ಇದು ಬರೀ ರುಚಿಗಲ್ಲ. ಎಲೆಗಳ ಪರಿಮಳ ಇರುವುದು ಎಣ್ಣೆಯಲ್ಲಿ ಕರಗುವ ದ್ರವ್ಯಗಳಲ್ಲಿ. ಕೆರಿಸಿಕ್‌ನ ಎಣ್ಣೆ ಅನ್ನದ ಅಗುಳಿಗೆ ತೆಳುವಾಗಿ ಹತ್ತಿಕೊಂಡಾಗ ಆ ಪರಿಮಳವೂ ಅಗುಳಿಗೆ ಹತ್ತುತ್ತದೆ. ನೀರಿನಂಶವಿರುವ ಹಸಿ ತುರಿ ಹಾಕಿದರೆ ಈ ಕೆಲಸ ಆಗುವುದಿಲ್ಲ, ಅನ್ನವೂ ಬೇಗ ಹಳಸುತ್ತದೆ. ಅನ್ನವನ್ನು ತಣ್ಣಗಾಗಿಸುವುದೂ ಇದೇ ಬಗೆಯ ಎಚ್ಚರ: ಬಿಸಿ ಅನ್ನಕ್ಕೆ ಬಿದ್ದ ಎಲೆ ಬೆಂದು ಬಾಡುತ್ತದೆ. ಕೊನೆಗೆ, ಉಣ್ಣುವವರು ಬಂದು ಕೂತ ಮೇಲೆ, ಕೈಯಿಂದ ಹಗುರವಾಗಿ ಬೆರೆಸುತ್ತಾರೆ. ವಿಜ್ಞಾನದ ಪುಸ್ತಕ ಓದದ ಹೆಂಗಸರು ಕಿಣ್ವ, ತೈಲ, ತೇವ, ಉಷ್ಣತೆ ಈ ನಾಲ್ಕನ್ನೂ ಹತೋಟಿಯಲ್ಲಿಟ್ಟುಕೊಂಡ ಅಡುಗೆ ಇದು. ಇದನ್ನು ನಾನು ದೊಡ್ಡ ವಿದ್ಯೆ ಎಂದೇ ಕರೆಯುತ್ತೇನೆ.

ಕೆದಾ ಮತ್ತು ಪಿನಾಂಗ್ ಕಡೆ ಎಲ್ಲವನ್ನೂ ಕಲಸಿಯೇ ಬಡಿಸುತ್ತಾರೆ. ಮಲಯ ಪರ್ಯಾಯ ದ್ವೀಪದ ಪೂರ್ವ ಕರಾವಳಿಯ ಕೆಲಾಂತಾನ್‌ನಲ್ಲಿ ಇದರ ಅಕ್ಕನೋ ತಂಗಿಯೋ ಎನ್ನಬಹುದಾದ ನಾಸಿ ಕೆರಾಬು ಇದೆ. ಅಲ್ಲಿ ಅನ್ನದ ಬಣ್ಣ ನೀಲಿ. ನಮ್ಮ ಬೇಲಿಗಳ ಮೇಲೆ ಹಬ್ಬಿ, ದೇವರ ಪೂಜೆಗೆ ಒದಗುವ ಶಂಖಪುಷ್ಪದ ಎಸಳುಗಳನ್ನು ನೀರಿನಲ್ಲಿ ಹಿಂಡಿ, ಆ ನೀರಿನಲ್ಲಿ ಅಕ್ಕಿ ಬೇಯಿಸುತ್ತಾರೆ. ಆ ಬಣ್ಣ ಆಂಥೋಸಯನಿನ್ ಗುಂಪಿನದು. ಹುಳಿ ತಾಕಿದರೆ ನೇರಳೆಗೆ ತಿರುಗುತ್ತದೆ. ಅರಿಶಿನ ಹಾಕಿದ ಹಳದಿ ಕೆರಾಬು ಇದೆ, ಬಣ್ಣವೇ ಇಲ್ಲದ ಬಿಳಿಯದೂ ಇದೆ. ಸುತ್ತಲೂ ಹೆಚ್ಚಿದ ಎಲೆ, ಹುರುಳಿಕಾಯಿ, ಮೊಳಕೆಕಾಳು, ಉಪ್ಪಿನಲ್ಲಿಟ್ಟ ಮೊಟ್ಟೆ, ಮೀನಿನ ಹಪ್ಪಳ, ಮೀನು ಮತ್ತು ತೆಂಗಿನತುರಿ ತುಂಬಿದ ಹಸಿಮೆಣಸಿನಕಾಯಿ. ಮೇಲೆ ಬುದು ಸುರಿದುಕೊಳ್ಳುತ್ತಾರೆ. ಕರಾವಳಿಯವರು ಕೊಲ್ಲತರು ಎನ್ನುವ ಜಾತಿಯ ಸಣ್ಣ ಮೀನಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಹುದುಗಿಸಿ ತೆಗೆದ ಕಂದು ರಸ ಅದು. ಕೋತಾ ಭಾರು ಪಟ್ಟಣದ ಸಿತಿ ಖದೀಜಾ ಮಾರುಕಟ್ಟೆಯಲ್ಲಿ ಬುದು, ಹಪ್ಪಳ, ಎಲೆಕಟ್ಟುಗಳ ರಾಶಿಯ ನಡುವೆ ಕೂತು ವ್ಯಾಪಾರ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರೇ. ಪ್ರವಾದಿಯವರ ಪತ್ನಿ, ಸ್ವತಃ ವ್ಯಾಪಾರಿಯಾಗಿದ್ದ ಖದೀಜಾ ಅವರ ಹೆಸರನ್ನು ಆ ಮಾರುಕಟ್ಟೆಗೆ ಇಟ್ಟಿರುವುದು ಎಷ್ಟು ಸರಿ ಎಂದು ಅನ್ನಿಸುತ್ತದೆ.

ಈ ಬಗೆಯ ಅನ್ನ ಇಂದಿನ ಮಲೇಷ್ಯಾದ ಗಡಿಯೊಳಗೇ ನಿಲ್ಲುವುದಿಲ್ಲ. 1909ರಲ್ಲಿ ಬ್ರಿಟಿಷರೂ ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ಅರಸರೂ ಮಾಡಿಕೊಂಡ ಒಪ್ಪಂದದಿಂದ ಕೆಲಾಂತಾನ್, ತೆರೆಂಗಾನು, ಕೆದಾ, ಪೆರ್ಲಿಸ್ ಬ್ರಿಟಿಷರ ಅಧೀನಕ್ಕೆ ಹೋದವು. ಪಟ್ಟಾನಿಯ ಸೀಮೆ ಸಯಾಮಿನಲ್ಲೇ ಉಳಿಯಿತು. ನಕಾಶೆಯಲ್ಲಿ ಗೆರೆ ಬಿತ್ತು, ಊಟದಲ್ಲಿ ಬೀಳಲಿಲ್ಲ. ಇಂದಿಗೂ ದಕ್ಷಿಣ ಥಾಯ್ಲೆಂಡಿನಲ್ಲಿ ಖಾವ್ ಯಾಮ್ ಎಂಬ ಹೆಸರಿನಲ್ಲಿ ಇದೇ ಬಗೆಯ ಅನ್ನ ಉಣ್ಣುತ್ತಾರೆ. ಸಣ್ಣಗೆ ಹೆಚ್ಚಿದ ಎಲೆ, ಹುರಿದ ತೆಂಗಿನತುರಿ, ಒಣಸಿಗಡಿ, ಚಕ್ಕೋತದ ತೊಳೆ, ಬೆಲ್ಲ ಹಾಕಿ ಕುದಿಸಿದ ಬುದು. ಜಕಾರ್ತದ ಬೆತಾವಿ ಜನರಲ್ಲೂ ನಾಸಿ ಉಲಾಮ್ ಎಂಬ ಹೆಸರಿದೆ, ಆದರೆ ಅದು ಬೇರೆಯೇ ಊಟ, ಅದರ ಬಗ್ಗೆ ಇಂದು ಮಾತಾಡುವುದಿಲ್ಲ.

"ಸಾಂಪ್ರದಾಯಿಕ" ಎಂದ ಕೂಡಲೇ ನಾವು ಬದಲಾಗದ ಏನನ್ನೋ ಕಲ್ಪಿಸಿಕೊಳ್ಳುತ್ತೇವೆ. ಈ ಅನ್ನದಲ್ಲಿ ಹಾಗಿಲ್ಲ. ಮಲಯರು ಉಲಾಮಿನ ರಾಜನೆಂದು ಕರೆಯುವ ಗಿಡ, ಉಲಾಮ್ ರಾಜಾ, ನಮ್ಮ ತೋಟಗಳ ಕಾಸ್ಮೊಸ್ ಹೂವಿನ ಕುಲದ್ದು. ಅಮೆರಿಕ ಖಂಡದ ಬಿಸಿಲುಸೀಮೆಯಿಂದ ಬಂದದ್ದು. ಅವರು ಇಷ್ಟಪಟ್ಟು ತಿನ್ನುವ ಒಗರು ಗೇರುಚಿಗುರೂ ಬ್ರೆಜಿಲಿನದು, ಪೋರ್ಚುಗೀಸರ ಹಡಗಿನಲ್ಲಿ ಏಷ್ಯಾಕ್ಕೆ ಬಂದದ್ದು. ಸಂಬಾಲಿನ ಮೆಣಸಿನಕಾಯಿಯೂ ಅಷ್ಟೇ ಹೊರಗಿನದು. ಪೋರ್ಚುಗೀಸರು ಮಲಕ್ಕಾವನ್ನು ಹಿಡಿದದ್ದು 1511ರಲ್ಲಿ. ಅದಕ್ಕಿಂತ ಹಿಂದಿನ ಅಡುಗೆಯಲ್ಲಿ ಖಾರಕ್ಕೆ ಕಾಳುಮೆಣಸು, ಶುಂಠಿಯ ಜಾತಿಯ ಗೆಡ್ಡೆಗಳು ಇದ್ದಿರಬೇಕು. ಹೊಸ ಗಿಡ ಬಂದಾಗ ಹಳ್ಳಿಯ ಹೆಂಗಸರು ಅದರ ಚಿಗುರನ್ನು ಜಗಿದು ನೋಡಿ, ಒಗರೋ ಪರಿಮಳವೋ ಎಂದು ಅಳೆದು, ಅನ್ನದಲ್ಲಿ ಅದಕ್ಕೊಂದು ಜಾಗ ಕೊಟ್ಟಿರಬೇಕು. ಒಂದಕ್ಕಂತೂ ರಾಜನ ಪಟ್ಟವನ್ನೇ ಕಟ್ಟಿದರು. ಸಂಪ್ರದಾಯದ ಜೀವ ಇರುವುದು ಈ ಜಗಿದು ನೋಡುವ ಧೈರ್ಯದಲ್ಲಿ ಎಂದು ನಾನು ನಂಬಿದ್ದೇನೆ.

ಆ ಧೈರ್ಯಕ್ಕೆ ಎಚ್ಚರವೂ ಜೊತೆಗಿತ್ತು. ಜೆರಿಂಗ್ ಎಂಬ ಕಾಯಿಯನ್ನು ಮಲಯರು ಉಲಾಮಾಗಿ ತಿನ್ನುತ್ತಾರೆ. ಅದರಲ್ಲಿ ಜೆಂಕೋಲಿಕ್ ಆಮ್ಲವಿದೆ. ಮಿತಿಮೀರಿ ತಿಂದರೆ ಅದು ಮೂತ್ರನಾಳದಲ್ಲಿ ಹರಳುಗಟ್ಟಿ ಮೂತ್ರ ಕಟ್ಟಿ, ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ಮರಗೆಣಸಿನ ಚಿಗುರೂ ಅವರ ತಟ್ಟೆಯಲ್ಲಿರುತ್ತದೆ, ಆದರೆ ಹಸಿಯಾಗಿ ಎಂದಿಗೂ ಇಲ್ಲ. ಅದರಲ್ಲಿ ಸಯನೈಡ್ ಬಿಡುವ ದ್ರವ್ಯವಿರುವುದರಿಂದ ಕುದಿಸಿಯೇ ತಿನ್ನಬೇಕು. ಯಾವುದನ್ನು ಹಸಿಯಾಗಿ, ಯಾವುದನ್ನು ಬೇಯಿಸಿ, ಯಾವುದನ್ನು ಕೊಂಚವೇ ತಿನ್ನಬೇಕು ಎಂಬ ವಿವೇಕ ಇಲ್ಲದೆ ಉಲಾಮ್ ಇಲ್ಲ.

ಆಹಾರದ ಪಥ್ಯದ ಬಗ್ಗೆಯೂ ಒಂದು ಮಾತು ಹೇಳಬೇಕು. ಮಲಯರಲ್ಲಿ ನಮ್ಮ ಹಾಗೆಯೇ ಉಷ್ಣ, ಶೀತ ಎಂಬ ವಿಂಗಡಣೆ ಇದೆ. ಹೆರಿಗೆಯಾದ ಮೇಲೆ 44 ದಿನ ಬಾಣಂತಿ ಪಥ್ಯದಲ್ಲಿರಬೇಕು, ಶೀತವೆನ್ನಿಸಿದ ಹಸಿ ಸೊಪ್ಪುಗಳನ್ನು ಬಿಡಬೇಕು ಎಂಬ ಕಟ್ಟಳೆ ಇದೆ. 1970ರ ದಶಕದಲ್ಲಿ ತೆರೆಂಗಾನುವಿನ ಹಳ್ಳಿಯೊಂದರಲ್ಲಿ ಸೂಲಗಿತ್ತಿಯರೊಂದಿಗೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ ಕ್ಯಾರಲ್ ಲೇಡರ್ಮನ್, ಹೆರಿಗೆ ಮತ್ತು ಪೌಷ್ಟಿಕತೆಯ ಬಗ್ಗೆ 1983ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಮುಖ್ಯ ಸಂಗತಿಯನ್ನು ತೋರಿಸಿದರು. ಕಟ್ಟಳೆಯನ್ನು ಕೇಳಿ ಬರೆದುಕೊಂಡರೆ ಬಿಗಿಯಾಗಿ ಕಾಣುತ್ತದೆ; ಆದರೆ ಹೆಂಗಸರು ತಮ್ಮ ಮೈ ಏನು ಹೇಳುತ್ತದೆ ಎಂದು ನೋಡಿಕೊಂಡು ಅದನ್ನು ಸಡಿಲಿಸುತ್ತಾರೆ, ತಿಂದು ನೋಡುತ್ತಾರೆ, ಒಗ್ಗಿದ್ದನ್ನು ಉಳಿಸಿಕೊಳ್ಳುತ್ತಾರೆ. ನಮ್ಮ ಬಾಣಂತನದ ಪಥ್ಯಗಳ ಬಗ್ಗೆ ಸಂಶೋಧನೆ ಮಾಡಬೇಕೆಂದಿರುವ ವಿದ್ಯಾರ್ಥಿನಿಯರು ಆ ಪುಸ್ತಕವನ್ನು ಹುಡುಕಿ ಓದಬೇಕು.

ಈ ಸಸ್ಯಗಳ ಲಿಖಿತ ದಾಖಲೆ ಇಲ್ಲವೆಂದಲ್ಲ. ಕಲ್ಕತ್ತೆಯಲ್ಲಿ ಕೆಲಸ ಮಾಡಿ 1912ರಲ್ಲಿ ಸಿಂಗಪುರದ ಸಸ್ಯೋದ್ಯಾನಕ್ಕೆ ಹೋದ ಐ. ಎಚ್. ಬರ್ಕಿಲ್, ಮಲಯ ಪರ್ಯಾಯ ದ್ವೀಪದ ಉಪಯುಕ್ತ ಸಸ್ಯಗಳ ಎರಡು ಸಂಪುಟಗಳ ಕೋಶವನ್ನು 1935ರಲ್ಲಿ ಹೊರತಂದರು. ಅದಕ್ಕೂ ಮೊದಲು, 1930ರಲ್ಲಿ, ಅವರೂ ಮೊಹಮ್ಮದ್ ಹನೀಫ್ ಅವರೂ ಸೇರಿ ಮಲಯ ಹಳ್ಳಿಮದ್ದಿನ ಬಗ್ಗೆ ದೀರ್ಘ ಬರಹ ಪ್ರಕಟಿಸಿದರು. ಈ ಪುಟಗಳ ಬೆಲೆ ದೊಡ್ಡದು. ಆದರೆ ಕೋಶದಲ್ಲಿ ಒಂದೊಂದು ಗಿಡ ಒಂಟಿಯಾಗಿ ನಿಲ್ಲುತ್ತದೆ: ಹೆಸರು, ಉಪಯೋಗ, ಮುಗಿಯಿತು. ಕಾದುಕ್ ಪಕ್ಕದಲ್ಲಿ ಕೆಸುಮ್ ಯಾಕೆ, ಮೀನು ಜಾಸ್ತಿಯಾದ ದಿನ ಕಾಂತಾನ್ ಯಾಕೆ ಹೆಚ್ಚಿಸಬೇಕು ಎಂಬಂಥ ಸಂಬಂಧಗಳ ಜ್ಞಾನ ಅಕಾರಾದಿಗೆ ಸಿಕ್ಕುವುದಿಲ್ಲ. ಅದು ಅತ್ತೆಯಿಂದ ಸೊಸೆಗೆ, ಅಜ್ಜಿಯಿಂದ ಮೊಮ್ಮಗಳಿಗೆ, ಬುಟ್ಟಿ ಹಿಡಿದು ಒಟ್ಟಿಗೆ ಹೋಗುವಾಗ ದಾಟುವಂಥದ್ದು.

ಆ ನಡಿಗೆಯ ಜಾಗಕ್ಕೆ ಏನಾಯಿತು ಎಂಬುದೇ ನನ್ನನ್ನು ಕಾಡುವ ಪ್ರಶ್ನೆ. ಕೆದಾ ಸೀಮೆ ಮಲೇಷ್ಯಾದ ಭತ್ತದ ಕಣಜ. 1966ರಿಂದ 1970ರ ನಡುವೆ ಅಲ್ಲಿ ಮುದಾ ನೀರಾವರಿ ಯೋಜನೆ ಕಟ್ಟಿದರು. ಮಳೆಯ ಒಂದೇ ಬೆಳೆಯಿದ್ದ ಬಯಲಿಗೆ ವರ್ಷಕ್ಕೆ ಎರಡು ಬೆಳೆ ಬಂತು. ಅಕ್ಕಿ ಹೆಚ್ಚಿತು, ಹಲವರ ಹಸಿವು ಕಡಿಮೆಯಾಯಿತು. ಅದನ್ನು ಹಗುರವಾಗಿ ನೋಡಲಾರೆ. ಆದರೆ ಎರಡು ಬೆಳೆಯ ನಡುವೆ ಗದ್ದೆಗೆ ಬಿಡುವಿಲ್ಲದಾಯಿತು. 1980ರ ದಶಕದಲ್ಲಿ ನಾಟಿಯ ಬದಲು ಬೀಜ ಎರಚುವ ಪದ್ಧತಿ ಹರಡಿತು. ನಾಟಿ ಗದ್ದೆಯಲ್ಲಿ ನಿಂತ ನೀರೇ ಕಳೆಯನ್ನು ತಡೆಯುತ್ತಿತ್ತು. ಎರಚಿದ ಗದ್ದೆಯಲ್ಲಿ ಕಳೆ ಭತ್ತದೊಂದಿಗೇ ಮೊಳೆಯುತ್ತದೆ, ಹಾಗಾಗಿ ಕಳೆನಾಶಕ ಬಂತು. ಒಂದೆಲಗವೂ, ಸೆಲೊಮ್ ಎಂಬ ನೀರುಸೊಪ್ಪೂ ಬದುವಿನಲ್ಲಿ, ಕಾಲುವೆಯ ಅಂಚಿನಲ್ಲಿ ಬೆಳೆಯುವಂಥವು. ಕಳೆನಾಶಕಕ್ಕೆ ಉಲಾಮ್ ಯಾವುದು, ಕಳೆ ಯಾವುದು ಎಂಬ ಭೇದವಿಲ್ಲ. ಗದ್ದೆಯ ನೀರಿನ ಮೀನುಗಳೂ ಕಡಿಮೆಯಾದವು. ಪ್ಯಾರಾಕ್ವಾಟ್ ಎಂಬ ಘೋರ ಕಳೆನಾಶಕವನ್ನು ಮಲೇಷ್ಯಾ ಪೂರ್ತಿಯಾಗಿ ನಿಲ್ಲಿಸಿದ್ದು 2020ರಲ್ಲಿ.

ಇದೇ ಮುದಾ ಬಯಲಿನ ಹಳ್ಳಿಯೊಂದರಲ್ಲಿ 1978ರಿಂದ 1980ರವರೆಗೆ ಇದ್ದು ರಾಜಕೀಯಶಾಸ್ತ್ರಜ್ಞ ಜೇಮ್ಸ್ ಸ್ಕಾಟ್ ಬರೆದ ಪ್ರಸಿದ್ಧ ಪುಸ್ತಕ 1985ರಲ್ಲಿ ಬಂತು. ಕಟಾವು ಯಂತ್ರಗಳು ಬಂದು ಬಡ ಕೂಲಿಗಳ, ಅದರಲ್ಲೂ ಹೆಂಗಸರ, ಕೊಯ್ಲಿನ ಕೆಲಸ ಹೋದದ್ದನ್ನು ಅದು ವಿವರಿಸುತ್ತದೆ. ಸ್ಕಾಟ್ ಕೂಲಿಯ ಬಗ್ಗೆ ಬರೆದರು, ಸೊಪ್ಪಿನ ಬಗ್ಗೆ ಅಲ್ಲ. ನನ್ನ ಊಹೆಯನ್ನು ಇಲ್ಲಿ ಸೇರಿಸುತ್ತೇನೆ: ಗದ್ದೆಗೆ ಹೋಗುವ ಕಾರಣವೇ ಇಲ್ಲವಾದಾಗ, ಬರುವಾಗ ಮಡಿಲಲ್ಲಿ ಕಟ್ಟಿಕೊಂಡು ಬರುವ ಎಲೆಗಳೂ ಇಲ್ಲವಾಗುತ್ತವೆ. ಕೋಲಾರ, ಮೈಸೂರು ಸೀಮೆಯ ಬೆರಕೆಸೊಪ್ಪಿನ ಸಾರು ಉಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಣ್ಣೆ, ಗಣಿಕೆ, ಹೊನಗೊನೆ ಸೊಪ್ಪುಗಳು ಕಳೆ ಕೀಳುವ ಹೆಂಗಸರ ಕೈಯಿಂದಲೇ ಮನೆಗೆ ಬರುತ್ತಿದ್ದವು.

ಈಗ ಈ ಊಟದ ಮಾನ ಪಟ್ಟಣಗಳಲ್ಲಿ ಏರುತ್ತಿದೆ. ಕ್ವಾಲಾಲಂಪುರದ ಹೋಟೆಲುಗಳಲ್ಲಿ ನೀಲಿ ಅನ್ನ ಸಿಗುತ್ತದೆ, ರಂಜಾನ್ ತಿಂಗಳ ಸಂಜೆ ಬಜಾರುಗಳಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರೆ. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಮಲೇಷ್ಯಾದ ಬೆಳಗಿನ ತಿಂಡಿಯ ಸಂಸ್ಕೃತಿಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಎಲ್ಲವೂ ಸಂತೋಷದ ಸಂಗತಿಯೇ. ಆದರೆ ಶಂಖಪುಷ್ಪದ ಬದಲು ಬಣ್ಣದ ಪುಡಿ ಹಾಕುವ, ಹಲವು ಎಲೆಗಳ ಜಾಗದಲ್ಲಿ ಎಲೆಕೋಸು ತುಂಬುವ ಅಂಗಡಿಗಳೂ ಇವೆ. ಇನ್ನೊಂದು ಕಡೆ ಒಂದೆಲಗವನ್ನು ಮಾತ್ರೆಯಾಗಿಸಿ, ಉಲಾಮ್ ರಾಜಾವನ್ನು ಪುಡಿಮಾಡಿ, ಯೌವನದ ಗುಟ್ಟು ಎಂದು ಮಾರುತ್ತಾರೆ. ಆ ಎಲೆಗಳಲ್ಲಿ ಉತ್ಕರ್ಷಣ ನಿರೋಧಕಗಳಿವೆ ಎಂಬುದು ನಿಜ. ಆದರೆ ಎಳೆಯ ಎಲೆಯೊಂದನ್ನು ಅದರ ಜೊತೆಗಾರರಿಂದ, ಮೀನಿನಿಂದ, ಅನ್ನದಿಂದ, ಹೆಚ್ಚಿದ ಕೈಯಿಂದ ಬೇರ್ಪಡಿಸಿ ಡಬ್ಬಿಯಲ್ಲಿ ತುಂಬಿದಾಗ ಸಿಗುವುದು ಊಟವಲ್ಲ. ನನ್ನ ಆಕ್ಷೇಪ ವಿಜ್ಞಾನದ ಮೇಲಲ್ಲ, ಈ ಅವಸರದ ಮೇಲೆ.

ಈ ಎಲೆಗಳನ್ನು ಮನೆಯಲ್ಲೇ ಉಳಿಸಿಕೊಳ್ಳುವುದು ಕಷ್ಟವೂ ಅಲ್ಲ. ಉಲಾಮ್ ಗಿಡಗಳಲ್ಲಿ ಹಲವು ತುಂಡು ನೆಟ್ಟರೆ ಬರುವಂಥವು. ಕೆಸುಮ್ ಕಡ್ಡಿಯನ್ನು ನೀರಿನ ಲೋಟದಲ್ಲಿಟ್ಟರೆ ಬೇರು ಬಿಡುತ್ತದೆ. ಕಾದುಕ್ ನೆಲ ಮುಟ್ಟಿದಲ್ಲೆಲ್ಲ ಬೇರೂರುತ್ತದೆ. ಕಾಂತಾನ್‌ಗೆ ಗೆಡ್ಡೆಯ ಒಂದು ತುಂಡು ಸಾಕು. ಬೀಜದ ಕಂಪನಿ ಬೇಡ. ಬೇಕಾದದ್ದು ಪಕ್ಕದ ಮನೆಯವರು ಮತ್ತು ಒಂದಿಷ್ಟು ತೇವದ ನೆಲ. ಮರದ ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಹಳೆಯ ಮಲಯ ಮನೆಗಳ ಹಿಂದೆ, ಪಾತ್ರೆ ತೊಳೆದ ನೀರು ಹರಿಯುವಲ್ಲಿ, ಈ ಗಿಡಗಳು ತಾವಾಗಿ ನೆಲೆಯೂರುತ್ತಿದ್ದವು. ಬಹುಮಹಡಿ ಮನೆಗಳಿಗೆ ಹೋದವರೂ ಮೊಗಸಾಲೆಯ ಕುಂಡಗಳಲ್ಲಿ ಕೆಸುಮ್ ಮತ್ತು ಒಂದೆಲಗವನ್ನು ಬೆಳೆಸಿಕೊಳ್ಳುತ್ತಾರೆ.

ನಮ್ಮಲ್ಲಿ ಇದನ್ನು ಮಾಡಬಹುದೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕರಾವಳಿ, ಮಲೆನಾಡಿನವರಿಗೆ ಅರ್ಧ ಸಾಮಗ್ರಿ ಹಿತ್ತಿಲಲ್ಲೇ ಇದೆ: ಒಂದೆಲಗ, ಅರಿಶಿನದ ಎಲೆ, ಮಜ್ಜಿಗೆಹುಲ್ಲು, ಗೇರುಚಿಗುರು, ತೆಂಗಿನಕಾಯಿ, ಬಂಗುಡೆ. ಕಾದುಕ್ ಬದಲು ಎಳೆಯ ವೀಳ್ಯದೆಲೆಯನ್ನು ಸ್ವಲ್ಪವೇ ಹಾಕಿ, ಅದು ಹೆಚ್ಚು ಖಾರ. ನಿಂಬೆಯ ಎಳೆ ಎಲೆ ನಡೆಯುತ್ತದೆ. ಕಾಂತಾನ್‌ಗೆ ಬದಲಿ ಇಲ್ಲ, ಬಿಟ್ಟುಬಿಡಿ. ಮೀನು, ಸಿಗಡಿ ತಿನ್ನದವರು ಎಲೆ ಮತ್ತು ಕೆರಿಸಿಕ್ ಸೇರಿಸಿ ಮಾಡಿಕೊಳ್ಳಬಹುದು. ಒಳ್ಳೆಯ ಊಟವೇ ಆಗುತ್ತದೆ, ಆದರೆ ಅದನ್ನು ನಾಸಿ ಉಲಾಮ್ ಎಂದು ಕರೆಯಬೇಡಿ, ಬೇರೆ ಹೆಸರಿಡಿ. ಗುರುತು ಸಿಗದ ಯಾವ ಎಲೆಯನ್ನೂ ಹಾಕಬೇಡಿ. ಎಲೆ ಆಯಲು ಹೋಗುವಾಗ ಊರಿನ ಹಿರಿಯ ಹೆಂಗಸೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಕಿತ್ತ ಎಲೆ ಯಾವುದು, ಎಲ್ಲಿ ಬೆಳೆದಿತ್ತು, ಯಾವ ತಿಂಗಳು, ಯಾವುದನ್ನು ನೋಡಿಯೂ ಬಿಟ್ಟರು ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳಿ. ಬೆರೆಸಿದ ಮೇಲೆ ಅನ್ನವನ್ನು ಕಾಯಿಸಬೇಡಿ, ಕೂಡಲೇ ಉಂಡುಬಿಡಿ.